ಎತ್ತುವ ಮೊದಲು ಕೇಳಿ

ಹುಲಿಗಿಯ ಹುಲಿಗೆಮ್ಮನ ಹುಣ್ಣಿಮೆ ಜಾತ್ರೆಗೆ ಹೋಗುವ ಜನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಹೊರಟೇಬಿಡುತ್ತಾರೆ. ನನ್ನಂಥವರು ಹೊರಡಬೇಕಾದರೆ ಮೊದಲು ಏಳುವ ಪ್ರಶ್ನೆ: ಜೊತೆಗೆ ಯಾರು ಬರುತ್ತಾರೆ? ಅವ್ವನಿಗೆ ಮೊಣಕಾಲು ನೋವು. ಅಣ್ಣನಿಗೆ ಹೊಲದಲ್ಲಿ ಶೇಂಗಾ ಕೀಳುವ ಕೆಲಸ. ವೈನಿಗೆ ಮನೆ, ದನ, ಕೂಸು. ಇವರಲ್ಲಿ ಯಾರಿಗೂ ಬಿಡುವಿಲ್ಲವೆಂದರೆ ಜಾತ್ರೆಯೂ ಇಲ್ಲ, ನೆಂಟರ ಮದುವೆಯೂ ಇಲ್ಲ, ಹುಬ್ಬಳ್ಳಿಯ ದವಾಖಾನೆಯೂ ಇಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಗಾಲಿಕುರ್ಚಿಯವರು, ಕಣ್ಣು ಕಾಣದವರು ಮನೆಯಲ್ಲೇ ಉಳಿದುಬಿಡುವುದಕ್ಕೆ ಬಸ್ಸಿನ ಮೆಟ್ಟಿಲು ಎಷ್ಟು ಕಾರಣವೋ, ಜೊತೆಗೆ ಬರಬಲ್ಲವರು ಇಲ್ಲದಿರುವುದೂ ಅಷ್ಟೇ ಕಾರಣ. ಪಾಪ ಅನ್ನುವವರಿಗೆ ಬರವಿಲ್ಲ, ಕೆಲಸ ಗೊತ್ತಿದ್ದವರಿಗೆ ಬರ.

ನಾನು ಯಲಬುರ್ಗಾ ತಾಲ್ಲೂಕಿನವಳು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋದವಳು ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಚಲನೆ ಇಲ್ಲ, ಸ್ಪರ್ಶವೂ ತಿಳಿಯುವುದಿಲ್ಲ. ನಮ್ಮ ಕಡೆ ಬೆನ್ನುಹುರಿ ಪೆಟ್ಟಿನವರ ಕತೆಗಳೆಲ್ಲ ಇಂಥವೇ: ಮಾಳಿಗೆ, ಬೇವಿನ ಮರ, ಬಾವಿ, ಟ್ರ್ಯಾಕ್ಟರ್. ಕೆಲವು ವರ್ಷಗಳಿಂದ ನಾನು, ವಿಕಲಚೇತನರ ಜೊತೆ ಪ್ರಯಾಣ ಮಾಡುವ ವೈಯಕ್ತಿಕ ಸಹಾಯಕರನ್ನು ತಯಾರು ಮಾಡುತ್ತಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೀಗೆ ನಾಲ್ಕೂ ಕಡೆಯಿಂದ ಬರುತ್ತಾರೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರು, ಸುಗ್ಗಿ ಮುಗಿದು ಕೆಲಸವಿಲ್ಲದ ಹುಡುಗರು, ಗಂಡನಿಲ್ಲದೆ ಮನೆ ನಡೆಸುವ ಹೆಣ್ಣುಮಕ್ಕಳು. ಕಲಿಸುವವರು ನಾವೇ: ಗಾಲಿಕುರ್ಚಿಯ ನಾನು, ಕಣ್ಣು ಕಾಣದ ಒಬ್ಬ ಮಾಸ್ತರು, ಕಿವಿ ಕೇಳದ ಒಬ್ಬ ಹೊಲಿಗೆಯ ಅಕ್ಕ. ನಡುನಡುವೆ ಫಿಸಿಯೋಥೆರಪಿ ಬಲ್ಲವರು ಬಂದು ತಿದ್ದುತ್ತಾರೆ. ಆದರೆ ಪಾಠ ನಡೆಸುವ ಹಕ್ಕನ್ನು ನಾವು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದ ಹುಡುಗನೊಬ್ಬ ಬಂದಿದ್ದ. ಗಟ್ಟಿಮುಟ್ಟು ಆಳು. ಬಂದವನೇ ನನ್ನ ಕುರ್ಚಿಯ ಹತ್ತಿರ ಬಗ್ಗಿ, ಎರಡೂ ಕೈ ಚಾಚಿ, ‘ಅಕ್ಕಾರ, ಎಲ್ಲಿಗೆ ಕುಂದರಸ್ಲಿ? ಕ್ವಿಂಟಾಲ್ ಚೀಲ ಎತ್ತಿದ ಕೈ ಇವು’ ಅಂದ.

‘ಚೀಲಕ್ಕ ಬಾಯಿ ಇಲ್ಲ ತಮ್ಮಾ, ನನಗ ಐತಿ. ಮೊದಲ ನನ್ನ ಕೇಳು’ ಅಂದೆ.

ಅವನು ತಬ್ಬಿಬ್ಬಾಗಿ ನಿಂತ. ಆಮೇಲೆ ಅವನೇ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಎತ್ತುವವನಾದ. ಯಾಕೆಂದರೆ ಭಾರ ಎಲ್ಲಿ ಕೂರುತ್ತದೆ ಎಂಬುದು ಅವನ ಮೈಗೆ ಮೊದಲೇ ಗೊತ್ತಿತ್ತು. ಕೇಳುವುದೊಂದನ್ನೇ ಹೊಸದಾಗಿ ಕಲಿಯಬೇಕಿತ್ತು.

ಒಬ್ಬರನ್ನು ಬಸ್ಸಿಗೆ ಹತ್ತಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲು ಕುರ್ಚಿಯ ಎರಡೂ ಬ್ರೇಕ್ ಹಾಕಬೇಕು, ಕಾಲಿಡುವ ಪಟ್ಟಿಯನ್ನು ಪಕ್ಕಕ್ಕೆ ಸರಿಸಬೇಕು. ಮೂತ್ರದ ಚೀಲವಿದ್ದರೆ ಅದರ ನಳಿಕೆ ಎಲ್ಲಿಗೂ ಸಿಕ್ಕಿಕೊಂಡಿಲ್ಲವೆಂದು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಪ್ರಯಾಣಿಕರು ತಮ್ಮ ತೋಳುಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳುತ್ತಾರೆ. ಬೆನ್ನ ಹಿಂದಿನ ಸಹಾಯಕ ಕಂಕುಳ ಕೆಳಗಿಂದ ಕೈ ತಂದು ಆ ಮುಂಗೈಗಳನ್ನು ಹಿಡಿಯುತ್ತಾನೆ. ಇನ್ನೊಬ್ಬ ಎರಡೂ ಮೊಣಕಾಲಿನ ಕೆಳಗೆ ಕೈ ಹಾಕುತ್ತಾನೆ. ಇಬ್ಬರೂ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ನಿಲ್ಲಬೇಕು. ಬೆನ್ನ ಹಿಂದಿನವನೇ ಮೊದಲು, ಹಿಮ್ಮುಖವಾಗಿ, ಮೆಟ್ಟಿಲು ಹತ್ತುತ್ತಾನೆ. ‘ಒಂದು, ಎರಡು, ಮೂರು’ ಎಂದು ಎಣಿಸುವವರು ಯಾರು? ಪ್ರಯಾಣಿಕರು. ಕಂಡಕ್ಟರ್ ಎಷ್ಟೇ ಅವಸರ ಮಾಡಲಿ, ಸುತ್ತ ನಿಂತ ಹತ್ತು ಮಂದಿ ಎಷ್ಟೇ ‘ಎತ್ರೋ, ಎತ್ರೋ’ ಅನ್ನಲಿ, ಆ ಮೂರು ಬೀಳುವ ತನಕ ಯಾರೂ ಎತ್ತುವಂತಿಲ್ಲ. ಕುರ್ಚಿಯ ಮೇಲಿನ ದಿಂಬು ಕುರ್ಚಿಯ ಜೊತೆ ಡಿಕ್ಕಿಗೆ ಹೋಗಬಾರದು, ನಮ್ಮ ಜೊತೆ ಸೀಟಿಗೆ ಬರಬೇಕು. ಇದನ್ನು ಹೊಸಬರು ಮರೆತೇ ಮರೆಯುತ್ತಾರೆ.

ದಿಂಬು ಅಷ್ಟು ಮುಖ್ಯ ಯಾಕೆಂದು ಕೇಳುತ್ತಾರೆ. ಸ್ಪರ್ಶ ತಿಳಿಯದ ಮೈಗೆ ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡಾಡದೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಆ ಹುಣ್ಣು ಎಲುಬಿನವರೆಗೆ ಇಳಿದು ಜೀವ ತೆಗೆದದ್ದುಂಟು. ನೋವಾಗುವುದಿಲ್ಲವಾದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಸಹಾಯಕರ ಕೈಯಲ್ಲಿ ಗಡಿಯಾರ ಇರಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ‘ಅಕ್ಕಾರ, ಭಾರ ಇಳಸ್ರಿ’ ಎಂದು ನೆನಪಿಸಬೇಕು. ಕೈಯಲ್ಲಿ ಬಲವಿದ್ದವರು ಸೀಟಿಗೆ ಕೈಯೂರಿ ಮೈ ಎತ್ತುತ್ತಾರೆ, ಇಲ್ಲದವರನ್ನು ಒಂದು ಬದಿಗೆ ವಾಲಿಸಿ ಹಿಡಿಯಬೇಕು. ರಾತ್ರಿ ತಂಗುವ ಕಡೆ ಚರ್ಮ ನೋಡಬೇಕು. ಕೆಂಪಗಾದ ಜಾಗ ಬೆರಳಿಂದ ಒತ್ತಿದರೂ ಬೆಳ್ಳಗಾಗದಿದ್ದರೆ ಮರುದಿನದ ಪ್ರಯಾಣ ರದ್ದು.

ನಮ್ಮ ಬಸ್ಸುಗಳಲ್ಲಿ ಇನ್ನೊಂದು ಅಪಾಯವಿದೆ, ಪುಸ್ತಕಗಳಲ್ಲಿ ಸಿಗುವಂಥದ್ದಲ್ಲ. ಕಾಲಿಲ್ಲದವರೆಂದು ಕನಿಕರಪಟ್ಟು ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಹತ್ತಿರ ಕೂರಿಸುತ್ತಾರೆ. ಬಾನೆಟ್ ಕಾದಿರುತ್ತದೆ. ಅದಕ್ಕೆ ತಾಗಿದ ಕಾಲು ಸುಟ್ಟು ಬೊಬ್ಬೆ ಬಂದರೂ ನಮಗೆ ತಿಳಿಯುವುದಿಲ್ಲ, ಇಳಿದು ಸೀರೆ ಸರಿಪಡಿಸಿಕೊಳ್ಳುವಾಗ ತಿಳಿಯುತ್ತದೆ. ಬ್ಯಾಸಗಿಯಲ್ಲಿ ಬಿಸಿಲಿಗೆ ನಿಂತ ಕುರ್ಚಿಯ ಕಬ್ಬಿಣವೂ ಹಾಗೆಯೇ. ಪೆಟ್ಟು ಕತ್ತಿನ ಮಟ್ಟದಲ್ಲಿ ಆದವರಿಗೆ ಮೈಯ ಬಹುಭಾಗ ಬೆವರುವುದೇ ಇಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಅವರ ಜೊತೆ ಹೋಗುವವರ ಚೀಲದಲ್ಲಿ ಒದ್ದೆ ಪಂಜೆ, ನೀರು ಚಿಮುಕಿಸುವ ಬಾಟಲಿ ಇರಲೇಬೇಕು. ಎದೆಯ ನಡುಭಾಗಕ್ಕಿಂತ ಮೇಲೆ ಪೆಟ್ಟಾದವರಿಗೆ ಒಮ್ಮೆಲೇ ತಲೆ ಸಿಡಿದು, ಮುಖ ಬೆವರತೊಡಗಿದರೆ ರಕ್ತದೊತ್ತಡ ಏರುತ್ತಿದೆ ಎಂದರ್ಥ. ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು, ಬಿಗಿಯಾದ ಬಟ್ಟೆ ಸಡಿಲಿಸಬೇಕು, ಮೂತ್ರದ ನಳಿಕೆ ಮಡಚಿದೆಯೋ ಎಂದು ಮೊದಲು ನೋಡಬೇಕು. ಬಹಳ ಸಲ ಕಾರಣ ಅಲ್ಲೇ ಇರುತ್ತದೆ. ಒತ್ತಡ ಇಳಿಯದಿದ್ದರೆ ನೇರ ದವಾಖಾನೆಗೆ.

ಇನ್ನು ಶೌಚದ ಮಾತು. ಇದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಗಾಲಿಕುರ್ಚಿಯ ಹೆಣ್ಣುಮಕ್ಕಳು ಊರಿಗೆ ಹೊರಟರೆ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಮೂತ್ರದ ಸೋಂಕು, ಮೂತ್ರಪಿಂಡದ ತೊಂದರೆ ಹೀಗೆಯೇ ಶುರುವಾಗುವುದು. ನಳಿಕೆ ಹಾಕಿ ಮೂತ್ರ ತೆಗೆಯುವವರಿಗೆ ನಾಲ್ಕರಿಂದ ಆರು ತಾಸಿಗೊಮ್ಮೆ ಮರೆಯಾದ ಸ್ವಚ್ಛ ಜಾಗ ಬೇಕು. ನಮ್ಮ ಹುಡುಗಿಯರಿಗೆ ನಾವು ಕಲಿಸುವುದಿಷ್ಟು: ಸಾಬೂನು, ಕುದಿಸಿ ಆರಿಸಿದ ನೀರು, ಕೈಗನ್ನಡಿ, ಒಂದು ಹಳೆಯ ಇಳಕಲ್ ಸೀರೆ. ಸೀರೆಯನ್ನು ಎರಡು ಮೂಲೆ ಹಿಡಿದು ಮರೆ ಮಾಡಿ, ತಾನು ಬೆನ್ನು ತಿರುಗಿಸಿ ನಿಲ್ಲುವುದು. ನಳಿಕೆ ಹಾಕಿಕೊಳ್ಳುವುದು ನನ್ನ ಕೆಲಸ, ಕೇಳಿದರೆ ಮಾತ್ರ ಅವಳದು. ಹೆಣ್ಣು ಪ್ರಯಾಣಿಕರಿಗೆ ಹೆಣ್ಣು ಸಹಾಯಕರೇ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಜೊತೆಗೆ ಬಂದ ನೆಂಟರ ಹುಡುಗನ ಮುಂದೆ ಬಾಯಿಬಿಟ್ಟು ಹೇಳಲಾರದೆ ತಾಸುಗಟ್ಟಲೆ ತಡೆದುಕೊಂಡವರನ್ನು ನಾನು ಬಲ್ಲೆ.

ಕಣ್ಣು ಕಾಣದವರ ಜೊತೆ ಹೋಗುವುದು ಬೇರೆಯೇ ವಿದ್ಯೆ. ಅವರ ಕೈ ಹಿಡಿದು ಎಳೆಯಬಾರದು. ಅವರು ನಮ್ಮ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ, ನಮ್ಮ ಮೈ ಏರಿಳಿದಾಗ ಅವರಿಗೆ ಮೆಟ್ಟಿಲು ತಿಳಿಯುತ್ತದೆ. ಇಕ್ಕಟ್ಟಿನ ಜಾಗ ಬಂದರೆ ಆ ತೋಳನ್ನು ಬೆನ್ನ ಹಿಂದೆ ತರಬೇಕು. ‘ಬಂದೆ ಇರ್ರಿ’ ಎಂದು ನಡುಬಯಲಲ್ಲಿ ಬಿಟ್ಟು ಹೋಗಬಾರದು, ಗೋಡೆಯೋ ಕುರ್ಚಿಯೋ ಕೈಗೆ ಸಿಗುವಂತೆ ನಿಲ್ಲಿಸಿ ಹೋಗಬೇಕು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಷ್ಟವಿರುವುದು ಕಂಡದ್ದನ್ನು ಹೇಳುವುದರಲ್ಲಿ. ಅದಕ್ಕೆ ನಾವು ಇಟಗಿಗೆ ಹೋಗುತ್ತೇವೆ.

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ನಮ್ಮ ಮಾಸ್ತರು ಕಂಬಗಳ ನಡುವೆ ನಿಂತು, ಜೊತೆಗಿದ್ದ ಕುಷ್ಟಗಿಯ ಹುಡುಗಿಗೆ ‘ಏನ್ ಕಾಣ್ತದ ಹೇಳವ್ವಾ’ ಅಂದರು.

‘ಕಂಬ ಅದಾವ್ರಿ ಸರ್, ಭಾಳ ಚಲೋ ಅದಾವು.’

‘ಚಲೋ ಅಂದ್ರ ನನಗೇನ್ ಕಂಡಂಗಾತು?’

ಹುಡುಗಿ ಸುಮ್ಮನಾದಳು. ಮತ್ತೆ ಕಂಬವನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ‘ಬುಡ ಚೌಕ ಐತ್ರಿ ಸರ್. ನಿಮ್ಮ ಸೊಂಟದ ಮಟ ಬಂದ ಮ್ಯಾಲ ದುಂಡಗಾಗೇತಿ. ತಿರುಗಣಿಗೆ ಹಾಕಿ ತಿರುವಿದಂಗ, ಬಳೀ ಮ್ಯಾಲ ಬಳೀ ಇಟ್ಟಂಗ ಗೆರಿ ಅದಾವು. ಕಲ್ಲು ಕರ್ರಗ, ಎಣ್ಣಿ ಹಚ್ಚಿದಂಗ ಹೊಳೀತದ. ನಿಮ್ಮ ಬಲಗೈ ಮುಂದ ಒಂದ್ ಗೇಣು ದೂರ ಐತಿ.’ ಮಾಸ್ತರು ಕೈ ಚಾಚಲಿಲ್ಲ, ತಲೆ ಮೇಲೆತ್ತಿ ‘ಈಗ ಕಾಣಾಕತ್ತು’ ಅಂದರು. ನಾನು ಅಂಗಳದ ಹುಲ್ಲಿನ ಹತ್ತಿರ ಕುರ್ಚಿಯಲ್ಲಿದ್ದೆ. ಒಳಗೆ ಹೋಗಲು ನನಗೆ ಮೆಟ್ಟಿಲಿನ ಅಡ್ಡಿ. ಆ ಹುಡುಗಿಯ ಮಾತಿನಿಂದ ನನಗೂ ಒಳಗಿನ ಕಂಬ ಕಂಡಿತು. ಸರ್ಟಿಫಿಕೇಟ್ ಪಡೆದ ಗೈಡ್‌ಗಳು ರಾಜರ ಹೆಸರನ್ನು ಸಾಲಾಗಿ ಒಪ್ಪಿಸಿಬಿಡುತ್ತಾರೆ. ಹೀಗೆ ಹೇಳಬಲ್ಲವರು ಸಿಗುವುದು ಅಪರೂಪ.

ಕೆಲವು ತರಬೇತಿಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಓಡಾಡಿಸಿ ‘ಈಗ ತಿಳೀತೇನು ಅವರ ಕಷ್ಟ’ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಟ್ಟೆ ಕಟ್ಟಿಕೊಂಡವರಿಗೆ ತಿಳಿಯುವುದು ಭಯವೊಂದೇ. ಇಪ್ಪತ್ತು ವರ್ಷ ಕೋಲು ಹಿಡಿದು ನಡೆದವರ ಜಾಣತನ ಅವರಿಗೆ ಎಲ್ಲಿಂದ ತಿಳಿಯಬೇಕು? ಗಾಲಿಕುರ್ಚಿಯಲ್ಲಿ ಮಾತ್ರ ನಾನು ಕಲಿಯುವವರನ್ನು ಕೂರಿಸುತ್ತೇನೆ, ಮುಂದಿನ ಸಣ್ಣ ಗಾಲಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಗೊತ್ತಾಗಲಿ ಎಂದು. ಇಳಿಜಾರಿನಲ್ಲಿ ಮುಂದಕ್ಕೆ ಇಳಿಸಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ತಿಳಿದವರು ಆಮೇಲೆ ಯಾರನ್ನೂ ಹಾಗೆ ಇಳಿಸುವುದಿಲ್ಲ, ಕುರ್ಚಿ ತಿರುಗಿಸಿ ಹಿಮ್ಮುಖವಾಗಿಯೇ ಇಳಿಸುತ್ತಾರೆ.

ಮೂರ್ಛೆರೋಗದವರ ಜೊತೆ ಹೋಗುವವರಿಗೂ ಒಂದೆರಡು ಮಾತು ಹೇಳುತ್ತೇವೆ. ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ ಯಾವುದೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್.

ಹೀಗೆ ಜೊತೆಗಿದ್ದು ಮಾಡುವ ವೈಯಕ್ತಿಕ ಸಹಾಯದ ಹಿಂದೆ ಒಂದು ಹೋರಾಟದ ಇತಿಹಾಸವೇ ಇದೆ. ಪೋಲಿಯೋದಿಂದ ಕುತ್ತಿಗೆಯ ಕೆಳಗೆ ನಿಶ್ಚಲನಾಗಿದ್ದ ಎಡ್ ರಾಬರ್ಟ್ಸ್ ಎಂಬ ಅಮೆರಿಕದ ಹುಡುಗ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ. ಮುಂದೆ ಅವನೂ ಅವನ ಗೆಳೆಯರೂ ಸೇರಿ 1972ರಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದರು. ಸಹಾಯಕರನ್ನು ಆರಿಸುವವರು, ಕಲಿಸುವವರು, ಬೇಡವಾದರೆ ಬಿಡಿಸುವವರು ವಿಕಲಚೇತನರೇ ಆಗಿರಬೇಕು ಎಂಬುದು ಅಲ್ಲಿನ ತತ್ತ್ವ. ಸ್ವೀಡನ್ನಿನಲ್ಲಿ ಅಡಾಲ್ಫ್ ರಾಟ್ಸ್ಕಾ ಮತ್ತವರ ಸಂಗಡಿಗರು 1980ರ ದಶಕದಲ್ಲಿ ಇದಕ್ಕಾಗಿ ಸಹಕಾರ ಸಂಘವನ್ನೇ ಕಟ್ಟಿದರು. 1994ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು, ತೀವ್ರ ವೈಕಲ್ಯವಿರುವವರಿಗೆ ಸರಕಾರದ ಹಣದಲ್ಲಿ ವೈಯಕ್ತಿಕ ಸಹಾಯಕರನ್ನು ಪಡೆಯುವ ಹಕ್ಕು ಕೊಟ್ಟಿತು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯಲ್ಲಿ ವೈಯಕ್ತಿಕ ಸಹಾಯದ ಮಾತಿದೆ. 20ನೇ ವಿಧಿ, ಓಡಾಟದ ಕೌಶಲವನ್ನು ವಿಕಲಚೇತನರಿಗೂ ಅವರೊಂದಿಗೆ ಕೆಲಸ ಮಾಡುವವರಿಗೂ ಕಲಿಸಬೇಕೆನ್ನುತ್ತದೆ. 30ನೇ ವಿಧಿ ಪ್ರವಾಸ, ಮನರಂಜನೆಯನ್ನೂ ಹಕ್ಕಿನ ಪಟ್ಟಿಗೆ ಸೇರಿಸಿದೆ. ಹುಲಿಗೆಮ್ಮನ ಜಾತ್ರೆಗೆ ಹೋಗುವುದು ನನ್ನ ಹಕ್ಕೆಂದು ನಾನು ಧೈರ್ಯವಾಗಿ ಹೇಳುವುದು ಇದರ ಬಲದಿಂದ.

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಹೆಚ್ಚಿನ ಆಸರೆ ಬೇಕಾದವರು ಅದಕ್ಕಾಗಿ ಅರ್ಜಿ ಹಾಕುವ ದಾರಿಯನ್ನೂ ತೋರಿಸಿದೆ. ಭಾರತೀಯ ಪುನರ್ವಸತಿ ಪರಿಷತ್ತು 2021ರ ಮೇ ತಿಂಗಳಲ್ಲಿ ಸಮುದಾಯ ಮಟ್ಟದ ಕಾರ್ಯಕರ್ತರಿಗಾಗಿ ಆರು ತಿಂಗಳ ಕೋರ್ಸ್ ಶುರುಮಾಡಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹಳ್ಳಿಯ ಬಾಯಲ್ಲಿ ವಿಆರ್‌ಡಬ್ಲ್ಯೂ. ಅವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಕೊಪ್ಪಳ, ರಾಯಚೂರು ಭಾಗದಲ್ಲಿ ಸಮೂಹ ಸಂಸ್ಥೆ ಮನೆಮನೆಗೆ ಹೋಗಿ ಪುನರ್ವಸತಿಯ ಕೆಲಸ ಮಾಡಿದ್ದನ್ನು ನಮ್ಮ ಹಳ್ಳಿಗಳು ಕಂಡಿವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರಿದ್ದರು. ಇಷ್ಟು ಜನರಿಗೆ ಮನೆಯೊಳಗಿನ ಆರೈಕೆಯ ಮಟ್ಟಿಗೆ ಒಂದಿಷ್ಟಾದರೂ ವ್ಯವಸ್ಥೆ ಬೆಳೆದಿದೆ. ಆದರೆ ಹೊಸ್ತಿಲು ದಾಟಿದ ಮೇಲಿನ ದಾರಿಗೆ ಬೇಕಾದ ಸಹಾಯಕರನ್ನು ನಮ್ಮಂಥ ಬೆರಳೆಣಿಕೆಯವರನ್ನು ಬಿಟ್ಟರೆ ಯಾರೂ ತಯಾರು ಮಾಡುತ್ತಿಲ್ಲ ಎಂಬುದೇ ನನ್ನ ತಕರಾರು.

ದಾರಿಗಳಂತೂ ತೆರೆಯುತ್ತಿವೆ. ಗಂಗಾವತಿಗೆ 2019ರಲ್ಲಿ ರೈಲು ಬಂತು. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಹೊರಟಿತು, ಯಲಬುರ್ಗಾ ಕೂಡ ಆ ದಾರಿಯಲ್ಲೇ ಇದೆ. ಜೊತೆಗಾರರಿಲ್ಲದೆ ಓಡಾಡಲಾರದ ವಿಕಲಚೇತನರಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಎಷ್ಟೋ ಮನೆಗಳಿಗೆ ಈ ಎರಡನೆಯ ಮಾತು ಗೊತ್ತಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನನಗೂ ನನ್ನ ಸಹಾಯಕಿಗೂ ಟಿಕೆಟ್ ದುಡ್ಡಿಲ್ಲ. ಖರ್ಚು ಇಳಿದಿದೆ. ಆದರೆ ವಿಕಲಚೇತನರ ಬೋಗಿ ರೈಲಿನ ಯಾವ ತುದಿಗಿದೆ ಎಂದು ಮೊದಲೇ ವಿಚಾರಿಸಿ, ಅಲ್ಲಿಗೆ ಹೋಗಿ ನಿಲ್ಲುವ ಸಹಾಯಕರು ಬೇಕು. ರೈಲು ನಿಲ್ಲುವುದೇ ಒಂದೆರಡು ನಿಮಿಷ. ಇನ್ನೊಂದು ತುದಿಯಲ್ಲಿ ನಿಂತಿದ್ದರೆ ಕುರ್ಚಿ ತಳ್ಳಿಕೊಂಡು ಓಡುವಷ್ಟರಲ್ಲಿ ಸಿಳ್ಳೆ ಬಿದ್ದಿರುತ್ತದೆ.

ಜಾತ್ರೆಯ ಜನಜಂಗುಳಿಯಲ್ಲಿ ಇದೆಲ್ಲಕ್ಕೂ ಪರೀಕ್ಷೆ. ಕೊಪ್ಪಳದ ಗವಿಮಠದ ತೇರಿಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತದೆ. 2025ರ ಜಾತ್ರೆಯಲ್ಲಿ ಮಠವು ವಿಕಲಚೇತನರ ವಿಷಯವನ್ನೇ ಜನಜಾಗೃತಿಗೆ ಎತ್ತಿಕೊಂಡಿತ್ತು. ನನಗೆ ಅದು ದೊಡ್ಡ ಸಂಗತಿ. ಆದರೂ ಜನರ ರೂಢಿ ಒಂದೇ ವರ್ಷಕ್ಕೆ ಬದಲಾಗುವುದಿಲ್ಲ. ಕುರ್ಚಿಯಲ್ಲಿ ಕೂತವಳ ಮಡಿಲಿಗೆ ಹತ್ತು ರೂಪಾಯಿ ನೋಟು ಹಾಕಿ ಕೈಮುಗಿದು ಹೋಗುತ್ತಾರೆ. ನನ್ನನ್ನು ಬಿಟ್ಟು ಪಕ್ಕದವಳನ್ನು ‘ಇವರಿಗೇನಾಗೇತಿ? ಊಟ ಮಾಡ್ತಾರೇನು?’ ಎಂದು ಕೇಳುತ್ತಾರೆ. ಇಂಥ ಹೊತ್ತಿಗೆ ಸಹಾಯಕಿ ಏನು ಮಾಡಬೇಕೆಂಬುದು ನಮ್ಮ ತರಬೇತಿಯ ದೊಡ್ಡ ಪಾಠ. ಜಗಳವಾಡಬಾರದು. ನೋಟನ್ನು ವಾಪಸು ಕೊಟ್ಟು ‘ಅಕ್ಕಾರು ಜಾತ್ರಿಗೆ ಬಂದಾರ್ರಿ, ನಿಮ್ಮಂಗನ’ ಅನ್ನಬೇಕು. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡದೆ, ‘ಅಕ್ಕಾರನ್ನ ಕೇಳ್ರಿ’ ಎಂದು ನನ್ನ ಕಡೆ ತಿರುಗಬೇಕು. ಈ ಒಂದು ತಿರುಗುವಿಕೆಯನ್ನು ಕಲಿಸಲು, ಮನುಷ್ಯರನ್ನು ಎತ್ತುವುದನ್ನು ಕಲಿಸುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯ ಬಗ್ಗೆ ಕೇಳುವವರು ಬಹಳ. ಹನುಮ ಹುಟ್ಟಿದ ಬೆಟ್ಟವೆಂಬ ನಂಬಿಕೆಯಿಂದ ಜನ ಬರುತ್ತಾರೆ, ಮೆಟ್ಟಿಲು ಸುಮಾರು 575. ರೋಪ್‌ವೇ ಮಾತು ನಡೆದೇ ಇದೆ. ಉತ್ಸಾಹದ ಹುಡುಗರು ನಾಲ್ವರು ಕುರ್ಚಿ ಸಮೇತ ಹೊತ್ತು ಹತ್ತಿಸುತ್ತೇವೆ ಎನ್ನುತ್ತಾರೆ. ನಾನು ಬೇಡವೆನ್ನುತ್ತೇನೆ. ಹತ್ತುವಾಗ ದಣಿದ ಕಾಲು ಇಳಿಯುವಾಗ ನಡುಗುತ್ತದೆ. ಹಿಡಿಯಲು ಕುರ್ಚಿಯ ಕಳಚಿಬರುವ ಕೈಪಟ್ಟಿಯೇ ಸಿಕ್ಕರೆ ಮುಗಿಯಿತು. ಕೆಳಗೇ ಬೆಟ್ಟವನ್ನು ಕಣ್ತುಂಬ ನೋಡಿ, ಆನೆಗೊಂದಿಯ ಓಣಿ, ಗಗನಮಹಲ್, ತುಂಗಭದ್ರೆಯ ದಂಡೆ ಸುತ್ತಿಸಿ ಎಂದು ಹೇಳುತ್ತೇನೆ. ಹತ್ತಲೇಬೇಕು ಎನ್ನುವವರಿದ್ದರೆ ತೀರ್ಮಾನ ಅವರದು, ಅಪಾಯವನ್ನು ಬಿಡಿಸಿ ಹೇಳುವುದು ಸಹಾಯಕರ ಕೆಲಸ. ಇದೇ ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದ ಟ್ರಸ್ಟ್ ಬಾಳೆನಾರಿನ ಕಸುಬಿನಿಂದ ಹೆಣ್ಣುಮಕ್ಕಳಿಗೆ ದುಡಿಮೆ ಕಟ್ಟಿಕೊಟ್ಟಿತು. ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ವೃದ್ಧರೂ ಇದ್ದಾರೆ, ಗಾಲಿಕುರ್ಚಿಯವರೂ ಇದ್ದಾರೆ. ತರಬೇತಾದ ಸಹಾಯಕರಿದ್ದರೆ ಇದು ಇನ್ನೊಂದು ಕಸುಬಾಗಬಲ್ಲದು.

ಕಸುಬೆಂದಮೇಲೆ ಕೂಲಿಯ ಮಾತು ಬರಬೇಕು. ‘ಪುಣ್ಯದ ಕೆಲಸ, ರೊಕ್ಕ ಯಾಕ?’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪುಣ್ಯಕ್ಕೆ ಬಂದವರಿಗೆ ನಾನು ‘ಹೀಗಲ್ಲ, ಹಾಗೆ’ ಎಂದು ಹೇಳಲಾರೆ. ಕೂಲಿಗೆ ಬಂದವರಿಗೆ ಹೇಳಬಲ್ಲೆ. ಗೌಂಡಿ ಕೈಕೆಳಗಿನ ಆಳಿನ ದಿನಗೂಲಿಗಿಂತ ಕಡಿಮೆ ಆಗಬಾರದು, ಊಟ, ವಸತಿ, ಪ್ರಯಾಣದ ಖರ್ಚು ಬೇರೆ. ಕೊಡಲಾಗದ ಮನೆಗಳೇ ನಮ್ಮಲ್ಲಿ ಹೆಚ್ಚು, ಅಲ್ಲಿ ಸರಕಾರವೇ ಕೈಹಿಡಿಯಬೇಕು. ಸೆರೆಬ್ರಲ್ ಪಾಲ್ಸಿಯಂಥ ಕೆಲವು ತೊಂದರೆಗಳಿರುವವರ ಆರೈಕೆದಾರರಿಗೆ ರಾಜ್ಯ ಸರಕಾರ ತಿಂಗಳಿಗೆ ಸಾವಿರ ರೂಪಾಯಿ ಗೊತ್ತುಮಾಡಿದೆ. ಹಾಗೆಯೇ ವರ್ಷಕ್ಕೆ ಇಷ್ಟು ದಿನದ ಪ್ರಯಾಣ ಸಹಾಯವೆಂದು ಪಂಚಾಯಿತಿಯ ವಿಕಲಚೇತನರ ನಿಧಿಯಿಂದ ಕೊಟ್ಟರೆ ದವಾಖಾನೆ, ಪರೀಕ್ಷೆ, ಜಾತ್ರೆ ಮೂರಕ್ಕೂ ದಾರಿಯಾಗುತ್ತದೆ.

ಹೊರಡುವ ಮುನ್ನ ಇಬ್ಬರೂ ಕೂತು ಒಂದು ಹಾಳೆ ತುಂಬುತ್ತೇವೆ. ಎಲ್ಲಿಗೆ, ಎಷ್ಟು ದಿನ, ಕೂಲಿ ಎಷ್ಟು. ಯಾವ ಗುಳಿಗೆ, ಯಾವ ಹೊತ್ತಿಗೆ. ಹೇಗೆ ಎತ್ತಬೇಕು, ಎಲ್ಲಿ ಮುಟ್ಟಬಾರದು. ದವಾಖಾನೆಯ ನಂಬರು, ಮನೆಯ ನಂಬರು. ಮೊನ್ನೆ ಹುಲಿಗಿಗೆ ಹೊರಟಾಗ ಹನುಮಸಾಗರದ ಕಡೆಯ ಹುಡುಗಿಯೊಬ್ಬಳು ಹಾಳೆ ಓದಿ ಮುಗಿಸಿ, ‘ಅಕ್ಕಾರ, ನಾನೂ ಅಮ್ಮಗ ಕಾಯಿ ಒಡಸಬೇಕ್ರಿ. ಅದನ್ನ ಎಲ್ಲಿ ಬರೀಲಿ?’ ಅಂದಳು. ಕೆಳಗೆ ಒಂದು ಸಾಲು ಜಾಗವಿತ್ತು. ಸಹಾಯಕರ ಬಿಡುವು, ಮಧ್ಯಾಹ್ನ ಒಂದು ತಾಸು, ಆ ಹೊತ್ತಿಗೆ ಕುರ್ಚಿಯ ಹತ್ತಿರ ಇನ್ನೊಬ್ಬರು ಎಂದು ಬರೆಸಿದೆ. ಈಗ ಎಲ್ಲ ಹಾಳೆಗಳಲ್ಲೂ ಆ ಸಾಲು ಅಚ್ಚಾಗಿ ಬರುತ್ತದೆ.